ಸರ್ಫ್‌ಬೋರ್ಡ್ ಮೇಲಿನ ಮಾರ್ಕರ್ ಬರಹಕ್ಕೆ ಅಸಿಟೋನ್ ಹಾಕಿಸಬೇಡಿ

ಸೆಕೆಂಡ್ ಹ್ಯಾಂಡ್ ಸರ್ಫ್‌ಬೋರ್ಡ್ ತಗೊಂಡಿದ್ದೀರಾ? ಅದರ ಮೇಲೆ ಯಾರದೋ ಹೆಸರು, ನಂಬರ್ ಪರ್ಮನೆಂಟ್ ಮಾರ್ಕರ್‌ನಲ್ಲಿ ಗೀಚಿದೆಯಾ? ಅಳಿಸೋಕೆ ಯಾರ ಕೈಗಾದರೂ ಕೊಡುವ ಮುಂಚೆ ಇದನ್ನು ಓದಿ. ನನ್ನ ಬೋರ್ಡ್ ಹಾಳಾಗೋಕೆ ಒಂದು ಬಟ್ಟೆ ಚೂರು, ಸ್ವಲ್ಪ ಅಸಿಟೋನ್ ಅನ್ನೋ ದ್ರಾವಕ ಸಾಕಾಯಿತು. ಅದೂ ರಿಪೇರಿ ಮಾಡುವವರ ಕೈಯಲ್ಲೇ.

ನನ್ನದು ಎಪಾಕ್ಸಿ ಬೋರ್ಡ್. ಒಳಗೆ ಇಪಿಎಸ್ ಫೋಮ್, ಅಂದರೆ ನಾವು ಥರ್ಮಾಕೋಲ್ ಅನ್ನುವುದು. ಮೇಲೆ ಫೈಬರ್‌ಗ್ಲಾಸ್ ಬಟ್ಟೆ, ಎಪಾಕ್ಸಿ ರೆಸಿನ್, ಅಂದರೆ ಹಚ್ಚಿದ ಮೇಲೆ ಗಟ್ಟಿ ಪದರವಾಗುವ ಅಂಟು. ಹಿಂದೆ ಬಾಡಿಗೆಗೆ ಓಡಿದ್ದಿರಬೇಕು, ಡೆಕ್ ಮೇಲೆ, ಅಂದರೆ ನಾವು ನಿಲ್ಲುವ ಮೇಲ್ಭಾಗದಲ್ಲಿ, ದಪ್ಪಗೆ ಒಂದು ನಂಬರ್ ಇತ್ತು, ಅಡಿಯಲ್ಲಿ ಯಾರದೋ ಹೆಸರು. ಅಡಿಯ ರೆಕ್ಕೆ ಕೂರಿಸುವ ಫಿನ್ ಬಾಕ್ಸ್ ಸಡಿಲವಾಗಿತ್ತು ಅಂತ ರಿಪೇರಿಗೆ ಕೊಟ್ಟೆ, ಹಾಗೇ ಈ ನಂಬರ್ ಕೂಡ ಹೋಗುತ್ತಾ ಅಂತ ಕೇಳಿದೆ. "ಅದೇನು ಮಹಾ, ಒರೆಸಿದರೆ ಹೋಗುತ್ತೆ" ಅಂದರು. ಇಪಿಎಸ್ ಬೋರ್ಡ್ ಅಂತ ಹೇಳಿಯೇ ಕೊಟ್ಟಿದ್ದೆ.

ಇನ್ನೊಂದು ವಿಷಯವನ್ನೂ ಬೆರಳಿಟ್ಟು ತೋರಿಸಿದ್ದೆ. ನಂಬರಿನ ಒಂದು ಕಡೆ ಇಂಕು ಸಣ್ಣ ಸಣ್ಣ ಕವಲಾಗಿ ಆಚೆಗೆ ಹರಿದಿತ್ತು. ಬರೆದವರ ಕೈ ಅದುರಿ ಆಗಿದ್ದಲ್ಲ ಅದು. ಮೇಲಿನ ರೆಸಿನ್ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಇಂಕು ಅದರೊಳಗೆ ಇಳಿದು ಹೀಗೆ ಕಾಣುತ್ತದೆ. ಹಳೇ ಬೋರ್ಡ್ ಕೊಳ್ಳುವಾಗ ಇದನ್ನು ಖಂಡಿತ ನೋಡಿ, ಕಣ್ಣಿಗೆ ಬೀಳದ ಬಿರುಕನ್ನು ಮಾರ್ಕರ್ರೇ ತೋರಿಸಿಕೊಡುತ್ತದೆ.

ಅವರು ಮಾಡಿದ್ದೇನು ಅಂದರೆ, ಬಟ್ಟೆಯನ್ನು ಅಸಿಟೋನ್‌ನಲ್ಲಿ ಅದ್ದಿ, ನಂಬರ್ ಮೇಲೆ ಹಾಸಿ, ಇಂಕು ನೆನೆಯಲಿ ಅಂತ ಹಾಗೇ ಬಿಟ್ಟು ಫಿನ್ ಬಾಕ್ಸ್ ಕಡೆ ಹೋದರು. ಬಿರುಕಿನ ಮೂಲಕ ಅಸಿಟೋನ್ ಒಳಗಿಳಿಯಿತು. ಅಸಿಟೋನ್ ತಗುಲಿದರೆ ಥರ್ಮಾಕೋಲ್ ಕರಗುತ್ತದೆ. ಹೊಗೆ ಇಲ್ಲ, ಬಿಸಿ ಇಲ್ಲ, ಒಳಗಿನ ಗಾಳಿಯೆಲ್ಲ ಹೋಗಿ ಒಂದಿಷ್ಟು ಅಂಟು ಉಳಿಯುತ್ತದೆ ಅಷ್ಟೇ. ಮೇಲಿನ ಎಪಾಕ್ಸಿ ಮಾತ್ರ ಏನೂ ಆಗದ ಹಾಗೆ ಹೊಳೆಯುತ್ತಾ ಇರುತ್ತದೆ! ಹಾಗಾಗಿ ಬೋರ್ಡ್ ವಾಪಸ್ ಬಂದಾಗ ನಂಬರ್ ಚೊಕ್ಕವಾಗಿ ಹೋಗಿತ್ತು, ನಾನು ಖುಷಿಪಟ್ಟೆ.

ಆಮೇಲೆ ಕಾಲು ಜಾರದಿರಲಿ ಅಂತ ವ್ಯಾಕ್ಸ್ (ಮೇಣ) ಹಚ್ಚುವಾಗ ಅದೇ ಜಾಗ ಒಳಗೆ ಹೋಯಿತು. ಹೆಬ್ಬೆರಳಲ್ಲಿ ಒತ್ತಿದರೆ ಡಬ್ಬಿಯ ಮುಚ್ಚಳ ಒತ್ತಿದ ಹಾಗೆ ತಗ್ಗಿ, ಬಿಟ್ಟರೆ ಟಪ್ ಅಂತ ಮೇಲೆ ಬರುತ್ತಿತ್ತು. ಗೆಣ್ಣಿನಿಂದ ತಟ್ಟಿದರೆ ಬೇರೆ ಕಡೆ ಗಟ್ಟಿ ಸದ್ದು, ಅಲ್ಲಿ ಮಾತ್ರ ಟೊಳ್ಳು. ಇನ್ನೊಬ್ಬರ ಹತ್ತಿರ ಕೊಯ್ಯಿಸಿ ನೋಡಿದರೆ ಒಳಗೆ ಗುಳಿ ಬಿದ್ದಿತ್ತು. ಇಂಥದ್ದಕ್ಕೆ ಮೇಲಿಂದ ರೆಸಿನ್ ಸವರಿದರೆ ಆಗೋದಿಲ್ಲ, ಆ ಭಾಗ ಕತ್ತರಿಸಿ, ಹೊಸ ಫೋಮ್ ಕೂರಿಸಿ, ಬಟ್ಟೆ ಹಾಕಿ ಮತ್ತೆ ಎಪಾಕ್ಸಿ ಹಾಕಬೇಕು. ಮೊದಲು ಕೊಟ್ಟವರನ್ನು ಕೇಳಿದರೆ "ಅದು ಮುಂಚೆಯೇ ಹಾಗಿತ್ತು" ಅಂದುಬಿಟ್ಟರು. ನನ್ನ ಹತ್ತಿರ ಫೋಟೋ ಇತ್ತು, ಆದರೆ ಫೋಟೋದಲ್ಲಿ ಟೊಳ್ಳು ಗಟ್ಟಿ ಗೊತ್ತಾಗೋದಿಲ್ಲವಲ್ಲ. ಕೊಡುವ ಮುಂಚೆ ಬೋರ್ಡ್ ಪೂರ್ತಿ ತಟ್ಟುತ್ತಾ, ಒತ್ತುತ್ತಾ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ.

ರಿಪೇರಿಯವರಿಗೆ ಅಸಿಟೋನ್ ಯಾಕೆ ಅಷ್ಟು ಸಲೀಸು ಅನ್ನೋದು ಅರ್ಥವಾಗುತ್ತದೆ. ಪಿಯು (ಪಾಲಿಯುರೆಥೇನ್) ಅನ್ನೋ ಇನ್ನೊಂದು ಜಾತಿಯ ಫೋಮ್ ಬೋರ್ಡ್‌ಗಳಿಗೆ ರೆಸಿನ್ ಹಾಕುವ ಮುಂಚೆ ಅದರಲ್ಲೇ ಒರೆಸುತ್ತಾರೆ, ಪಿಯು ಅದಕ್ಕೆ ಕರಗುವುದಿಲ್ಲ, ಪೂರ್ತಿ ಗಟ್ಟಿಯಾದ ರೆಸಿನ್ ಕೂಡ ಸುಮ್ನೆ ಒಂದು ಸಲ ಒರೆಸಿದರೆ ತಡೆದುಕೊಳ್ಳುತ್ತದೆ. ಆದರೆ ಪಿಯು ಅಂತ ನೀವು ಧೈರ್ಯ ಮಾಡಬೇಡಿ. ಬೋರ್ಡ್ ಮೇಲೆ ಸ್ಪ್ರೇ ಬಣ್ಣವೋ ಅಕ್ರಿಲಿಕ್ ಕ್ಲಿಯರ್ ಕೋಟೋ ಇದ್ದರೆ ಅಸಿಟೋನ್‌ಗೆ ಅದು ಮಾರ್ಕರ್ ಜೊತೆಗೇ ಎದ್ದು ಬರುತ್ತದೆ. ನೇಲ್ ಪಾಲಿಶ್ ರಿಮೂವರ್ ಕೂಡ ಬಹಳಷ್ಟು ಸಲ ಅಸಿಟೋನೇ. ಥಿನ್ನರ್ ಹತ್ತಿರವೂ ಹೋಗಬೇಡಿ.

ಅಡಿಯಲ್ಲಿದ್ದ ಹೆಸರನ್ನು ನಾನೇ ತೆಗೆದೆ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ. ಈ ಮಾರ್ಕರ್‌ಗಳ ಇಂಕು ಸಾಮಾನ್ಯವಾಗಿ ಬಣ್ಣ, ಅದನ್ನು ಹಿಡಿದಿಡುವ ರೆಸಿನ್, ಮತ್ತೆ ಆಲ್ಕೋಹಾಲ್ ಜಾತಿಯ ದ್ರಾವಕ. ಅದಕ್ಕೇ ಆಲ್ಕೋಹಾಲ್ ಬಿದ್ದರೆ ಇಂಕು ಮತ್ತೆ ಸಡಿಲವಾಗುತ್ತದೆ. ಮೊದಲು ವ್ಯಾಕ್ಸ್ ಪೂರ್ತಿ ಹೆರೆದು ತೆಗೆಯಿರಿ, ವ್ಯಾಕ್ಸ್ ಇದ್ದರೆ ಆಲ್ಕೋಹಾಲ್ ಇಂಕಿಗೆ ತಲುಪೋದೇ ಇಲ್ಲ. ಬಿಸಿಲಲ್ಲಿ ಬೇಡ, ಕೆಲಸ ಮಾಡುವ ಮುಂಚೆಯೇ ಆವಿಯಾಗಿ ಹೋಗುತ್ತದೆ. ಗಾಳಿ ಆಡುವ ಜಾಗ ಇರಲಿ, ಹತ್ತಿರ ಬೆಂಕಿ ಬೇಡ. ಬಿಳಿ ಹತ್ತಿ ಬಟ್ಟೆಗೆ ಸ್ವಲ್ಪ ಹಾಕಿ, ಮೊದಲು ಹಿಂಭಾಗದ ಮೂಲೆಯಲ್ಲಿ ನೋಡಿ, ಬಟ್ಟೆಗೆ ಬೋರ್ಡಿನ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಬರದಿದ್ದರೆ ಅಕ್ಷರದ ಮೇಲೆ ಒತ್ತಿ ಎತ್ತಿ. ಗಸಗಸ ಉಜ್ಜಿದರೆ ಇಂಕು ಸುತ್ತಲೂ ಹರಡಿ ದೊಡ್ಡ ಬೂದು ಕಲೆಯಾಗುತ್ತದೆ. ಬಟ್ಟೆಯ ಜಾಗ ಬದಲಿಸುತ್ತಾ ಇರಿ. ಕೊನೆಗೆ ಸೋಪು ನೀರಲ್ಲಿ ತೊಳೆಯಿರಿ. ಬಿರುಕು ಇರುವ ಕಡೆ ಮಾತ್ರ ಇದನ್ನೂ ಮಾಡಬೇಡಿ, ಮೊದಲು ಬಿರುಕು ಮುಚ್ಚಿಸಿ.

ಮೆಲಮೈನ್ ಸ್ಪಂಜನ್ನು ಜನ ಜಾಸ್ತಿ ಹೊಗಳುತ್ತಾರೆ. ಅದು ಮೆತ್ತಗಿದ್ದರೂ ಕೆಲಸ ಮಾಡೋದು ನಯವಾದ ಸ್ಯಾಂಡ್‌ಪೇಪರ್ ಥರ. ಹೊಳೆಯುವ ಬೋರ್ಡ್ ಮೇಲೆ ಉಜ್ಜಿದ ಜಾಗ ಮಂಕಾಗುತ್ತದೆ, ಆಮೇಲೆ ಪಾಲಿಶಿಂಗ್ ಕಾಂಪೌಂಡ್ ಹಾಕಿ ಹೊಳಪು ತರಬೇಕು. ಸ್ಯಾಂಡ್‌ಪೇಪರ್ ಅಂತೂ ಬೇಡವೇ ಬೇಡ, ರೆಸಿನ್ ಸವೆದು ಕೆಳಗಿನ ಬಟ್ಟೆಯ ನೇಯ್ಗೆ ಕಂಡಿತು ಅಂದರೆ ನೀರು ಒಳಗೆ ಹೋಗೋಕೆ ದಾರಿ ಆಯಿತು.

ಇಂಕು ಹೋದಮೇಲೂ ಅಕ್ಷರ ಓದೋಕೆ ಬಂದರೆ ಇನ್ನೂ ಉಜ್ಜಬೇಡಿ. ಬಿಸಿಲಿಗೆ ಬೋರ್ಡ್ ಹಳದಿಯಾಗಿರುತ್ತದೆ, ಇಂಕಿನ ಅಡಿಯಲ್ಲಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿರುತ್ತದೆ. ಅದು ಕಲೆಯೇ ಅಲ್ಲ, ಒಂದು ಸ್ಟಿಕರ್ ಅಂಟಿಸಿ ಸಾಕು. ಬೋರ್ಡಿನ ನಡುವೆ ಉದ್ದಕ್ಕೂ ಇರುವ ಪಟ್ಟಿ, ಅಂದರೆ ಸ್ಟ್ರಿಂಗರ್, ಅದರ ಪಕ್ಕ ಅಳತೆ, ಸಹಿ ಇದ್ದರೆ ಉಗುರಿನಿಂದ ಕೆರೆದು ನೋಡಿ. ಸಾಮಾನ್ಯವಾಗಿ ಅದು ಬೋರ್ಡ್ ಮಾಡಿದವರು ಫೋಮ್ ಮೇಲೆ ಬರೆದು ಅದರ ಮೇಲೆ ರೆಸಿನ್ ಹಾಕಿರುವುದು, ಏನು ಮಾಡಿದರೂ ಹೋಗೋದಿಲ್ಲ. ಅದು ಇದ್ದರೇ ಬೋರ್ಡಿಗೆ ಬೆಲೆ.

ಮೇಲ್ಭಾಗ ಮೆತ್ತನೆ ಫೋಮ್ ಇರುವ ಸಾಫ್ಟ್ ಟಾಪ್ ಬೋರ್ಡ್ ಆದರೆ ಇಂಕು ಮೇಲಿನ ಫೋಮಿನ ರಂಧ್ರಕ್ಕೇ ಇಳಿದಿರುತ್ತದೆ. ಆಲ್ಕೋಹಾಲ್‌ನಿಂದ ಸ್ವಲ್ಪ ತಿಳಿಯಾಗಬಹುದು, ಪೂರ್ತಿ ಹೋಗೋದು ಕಷ್ಟ, ಜೊತೆಗೆ ಕಂಪನಿಯ ಪ್ರಿಂಟ್ ಕೂಡ ಎದ್ದು ಬರಬಹುದು. ಅದರ ಮೇಲೆ ವ್ಯಾಕ್ಸ್ ಹಚ್ಚಿ ನೀರಿಗೆ ಇಳಿಯಿರಿ.