ಸ್ಟೋರಿವೀವರ್, ರೀಡ್‌ವರ್ಕ್ಸ್, ದೀಕ್ಷಾ: ನಮ್ಮ ಇಂಗ್ಲಿಷ್ ಕ್ಲಾಸಿಗಿ ಯಾವುದು ಒಗ್ತು

ಸೇಡಂ ತಾಲ್ಲೂಕಿನ ಒಂದು ಸಾಲ್ಯಾಗ ಎಂಟನೇ ಕ್ಲಾಸಿಗಿ ಇಂಗ್ಲಿಷ್ ಹೇಳ್ತೀನ್ರಿ, 38 ಮಕ್ಕಳು, ಮನ್ಯಾಗ ಕನ್ನಡ, ಲಂಬಾಣಿ, ತೆಲುಗು, ಉರ್ದು ಎಲ್ಲಾ ಅದಾವ ಆದ್ರ ಇಂಗ್ಲಿಷ್ ಮಾತ್ರ ಕಿವಿಗಿ ಬೀಳಂಗಿಲ್ಲ. ಅದಕ್ಕೇ ಜೂನಿನಿಂದ ದೀಪಾವಳಿ ತನ ಮೂರೂ ಹಚ್ಚಿ ನೋಡ್ದೆ.

ದೀಕ್ಷಾ ಅಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ, 2017ರಿಂದ ಅದ. ಪುಸ್ತಕದಾಗಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರ ಅದೇ ಪಾಠದ ವಿಡಿಯೋ ಬರ್ತದ, ಪರೀಕ್ಷಾ ಮುಂದ ರಿವಿಷನ್ನಿಗಿ ಛಲೋ. ಆದ್ರ ಹುಡುಗ್ರು ಸುಮ್ನ ಕುಂತು ನೋಡ್ತಾರ, ಬಾಯಿ ಬಿಚ್ಚಂಗಿಲ್ಲ.

ರೀಡ್‌ವರ್ಕ್ಸ್ ಅಮೆರಿಕಾದ ಓದಿನ ವೆಬ್‌ಸೈಟ್, ಫುಕಟ್, ಅಕೌಂಟ್ ಮಾಡ್ಕೊಂಡ್ರ ಸಾಕು. ಸಣ್ಣ ಸಣ್ಣ ಪ್ಯಾಸೇಜು, ಕೆಳಗ ಪ್ರಶ್ನಿ, ಪ್ರಿಂಟ್ ತೆಗಿಬಹುದು. ಅಲ್ಲಿಯ ನಾಲ್ಕನೇ ಗ್ರೇಡಿನ ಪ್ಯಾಸೇಜ್ ಕೊಟ್ಟಿದ್ದೆ, ನಮ್ಮ ಎಂಟನೇತ್ತಿಯವ್ರು ಮೊದಲ ಪ್ಯಾರಾದಾಗೇ ನಿಂತ್ರು, ಬರೀ ಭಾಷೆ ಅಲ್ರಿ, ಹಿಮ, ಬೇಸ್‌ಬಾಲ್ ಅಂದ್ರ ಅವ್ರು ಕಂಡೇ ಇಲ್ಲ. ಸ್ಟೆಪ್‌ರೀಡ್ ಅಂತ ಅದೇ ಪ್ಯಾಸೇಜಿನ ಹಗುರ ರೂಪ ಕೆಲವಕ್ಕ ಅದಾವ, ಅದ್ರಿಂದ ಒಂದಿಷ್ಟು ಮುಂದ ಹೋದ್ರು. ಆದ್ರ ಆ ಪ್ರಶ್ನಿ ಕೇಳೋ ರೀತಿ ಭಾಳ ಹಿಡಿಸ್ತು, ಉತ್ತರ ಏನು ಅಂತಷ್ಟೇ ಅಲ್ಲ, ಯಾವ ಸಾಲಿನಿಂದ ನಿನಗ ಗೊತ್ತಾಯ್ತು ಅಂತ ಕೇಳ್ತಾರ. ನೋಟ್ಸ್ ಬಾಯಿಪಾಠ ಮಾಡೋ ಮಕ್ಕಳಿಗಿ ಇದು ಬೇಕೇ ಬೇಕು.

ಸ್ಟೋರಿವೀವರ್ ಮಕ್ಕಳ ಕಥಿಗಳ ವೆಬ್‌ಸೈಟ್, ಪ್ರಥಮ್ ಬುಕ್ಸ್ ಪ್ರಕಾಶನದವ್ರು 2015ರಾಗ ಚಾಲೂ ಮಾಡಿದ್ದು. ನಾಲ್ಕು ಲೆವೆಲ್ ಅದಾವ, ಲೆವೆಲ್ ಒಂದು ಅಂದ್ರ 250 ಶಬ್ದದ ಒಳಗ. ದೊಡ್ಡ ಹುಡುಗ್ರಿಗಿ ಸಣ್ಣವ್ರ ಕಥಿ ಕೊಟ್ರ ಅವಮಾನ ಅನ್ಕೋತಾರೇನೋ ಅಂತ ಅಂಜಿದ್ದೆ, ಹಂಗ ಏನೂ ಆಗ್ಲಿಲ್ಲ, ಚಿತ್ರದಾಗ ಆಟೋ, ಮಳಿ, ಅಜ್ಜಿ ಎಲ್ಲಾ ನಮ್ದೇ ಕಾಣ್ತದಲ್ಲ, ಮೂರನೇ ವಾರಕ್ಕ ಹಿಂದಿನ ಬೆಂಚಿನ ಒಬ್ಬ ಹುಡುಗಿ, ಜೂನಿನಿಂದ ಒಂದು ಸಾಲು ಓದಿರಲಿಲ್ಲ, ಎದ್ದು ನಿಂತು ಪೂರಾ ಪುಟ ಓದಿದ್ಳು. ನನ್ನ ಕಣ್ಣಾಗ ನೀರು ಬಂದ್ವು. ಭಾಳ ಕಥಿ ಇಂಗ್ಲಿಷ್ ಕನ್ನಡ ಎರಡೂದ್ರಾಗೂ ಸಿಗ್ತಾವ, ಹಾಂಗಾಗಿ ಮೊದಲು ಕನ್ನಡದಾಗ ಓದಿ ಅರ್ಥ ಮಾಡ್ಕೊಂಡು ಆಮೇಲೆ ಇಂಗ್ಲಿಷಿಗಿ ಬರ್ತೀವಿ. ನೆಟ್ವರ್ಕ್ ನಂಬಂಗಿಲ್ಲ, ಅದಕ್ಕ ರಾತ್ರಿ ಮನ್ಯಾಗೇ ಪಿಡಿಎಫ್ ಇಳಿಸ್ಕೋತೀನಿ. ಕೊರತಿ ಒಂದೇ, ನಾ ಬಳಸಿದ ಕಥಿಗಳಿಗಿ ಪ್ರಶ್ನಿ ಇರಲಿಲ್ಲ. ಅಲ್ಲಿ ರೀಡ್‌ವರ್ಕ್ಸ್ ಕೆಲ್ಸಕ್ಕ ಬಂತು, ಅವ್ರ ರೀತಿ ಪ್ರಶ್ನಿ ನಾನೇ ಬರದು ಈ ಕಥಿಗಿ ಜೋಡಿಸ್ತೀನಿ, ಒಂದು ಕಥಿಗಿ ನಾಲ್ಕು ಸಾಕು.

ಸ್ಟೋರಿವೀವರ್‌ನಾಗ ಯಾರು ಬೇಕಾದ್ರೂ ಅನುವಾದ ಮಾಡಬಹುದು, ಲೈಸೆನ್ಸ್ ಹಂಗೇ ಅದ. ಈಗ ಮಕ್ಕಳು ಒಂದು ಇಂಗ್ಲಿಷ್ ಕಥಿ ನಮ್ಮ ಕಲಬುರಗಿ ಮಾತಿನಾಗ ಬರೀಲಕತ್ತಾರ, ಆರು ಪುಟ ಆಗ್ಯದ, ಏಳನೇ ಪುಟದಾಗಿನ ಒಂದು ಶಬ್ದಕ್ಕ ಎರಡು ದಿನದಿಂದ ಜಗಳ ನಡದದ.