ಎರಡು ಬ್ಯಾಟರಿ ಕೇಳಿದವನಿಗೆ ಒಂದನ್ನೇ ಕೊಟ್ಟ ಅಂಗಡಿ

ಸಾಗರದ ಆಸುಪಾಸಿನ ಹಳ್ಳಿಗಳಲ್ಲಿ ಮೇ ತಿಂಗಳ ಗಾಳಿಮಳೆಗೆ ಮರವೊಂದು ತಂತಿಯ ಮೇಲೆ ಉರುಳಿತೆಂದರೆ, ಸಂಜೆ ಹೋದ ಕರೆಂಟು ನಡುರಾತ್ರಿಯಾದರೂ ಬರುವುದಿಲ್ಲ. ಕರೆಂಟಿಲ್ಲದಾಗ ಕನಿಷ್ಠ ಆರು ಗಂಟೆಗಳ ಕಾಲ ಮನೆ ನಡೆಯಬೇಕೆಂದು, ಇನ್ವರ್ಟರ್ ಮತ್ತು ಬ್ಯಾಟರಿಗಾಗಿ ಪೇಟೆಯ ಬ್ಯಾಟರಿ ಅಂಗಡಿಯೊಂದಕ್ಕೆ ಹೋದಾಗ, ಪಕ್ಕದ ಮನೆಯವರಲ್ಲಿರುವಂತೆ 150 ಎಎಚ್‌ನ (ಆಂಪಿಯರ್-ಗಂಟೆ, ಬ್ಯಾಟರಿಯ ಸಾಮರ್ಥ್ಯದ ಅಳತೆ) ಎರಡು ಟ್ಯೂಬ್ಯುಲರ್ ಸೀಸದ ಬ್ಯಾಟರಿ ಕೊಳ್ಳುವುದೆಂದು ನಾನು ನಿಶ್ಚಯಿಸಿಯೇ ಹೋಗಿದ್ದೆ. ಅಂಗಡಿಯವರು ಸರಕು ತೋರಿಸುವ ಮೊದಲು ಹಾಳೆ ತೆಗೆದುಕೊಂಡು, ಯಾವ ಯಾವ ಉಪಕರಣ ಎಷ್ಟು ಹೊತ್ತು ಓಡಬೇಕು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು.

9 ವ್ಯಾಟಿನ ಆರು ಎಲ್‌ಇಡಿ ಬಲ್ಬು, 75 ವ್ಯಾಟಿನ ಎರಡು ಫ್ಯಾನು, 10 ವ್ಯಾಟಿನ ರೂಟರ್ ಆರು ಗಂಟೆ. 90 ವ್ಯಾಟಿನ ಟಿವಿ ಎರಡು ಗಂಟೆ. ವ್ಯಾಟನ್ನು ಗಂಟೆಯಿಂದ ಗುಣಿಸಿ ಕೂಡಿದರೆ ಒಟ್ಟು 1,464 ವ್ಯಾಟ್-ಗಂಟೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯೊಂದರಲ್ಲಿ 1,800 ವ್ಯಾಟ್-ಗಂಟೆ ಇರುವುದರಿಂದ ಒಂದೇ ಸಾಕಲ್ಲವೇ ಎಂದು ಯಾರಿಗಾದರೂ ತೋರುತ್ತದೆ, ನನಗೂ ತೋರಿತು. ಆದರೆ ಇನ್ವರ್ಟರಿನೊಳಗೆ ಶೇಕಡಾ 15ರಷ್ಟು ನಷ್ಟವೆಂದು ಹಿಡಿದರೆ ಬ್ಯಾಟರಿಯಿಂದ ಹೊರಡಬೇಕಾದದ್ದು ಸುಮಾರು 1,720 ಆಗುತ್ತದೆ, ಮತ್ತು ಸೀಸದ ಬ್ಯಾಟರಿಯನ್ನು ಪದೇ ಪದೇ ತಳಮುಟ್ಟ ಬರಿದು ಮಾಡಿದರೆ ಅದರ ಆಯುಷ್ಯ ಬೇಗ ಮುಗಿಯುವುದರಿಂದ ಶೇಕಡಾ 60ಕ್ಕಿಂತ ಹೆಚ್ಚು ಬಳಸಬಾರದೆಂಬುದು ಅವರ ಪಟ್ಟು. ಹಾಗೆ ನೋಡಿದರೆ ಸುಮಾರು 240 ಎಎಚ್, ಅಂದರೆ ಎರಡು ಬ್ಯಾಟರಿ, ಜೊತೆಗೆ 24 ವೋಲ್ಟಿನ ಇನ್ವರ್ಟರ್ ಬೇಕು.

ಇಲ್ಲಿಗೆ ಬಿಲ್ಲು ಬರೆದುಬಿಟ್ಟಿದ್ದರೆ ನಾನು ತೃಪ್ತನಾಗಿಯೇ ಮನೆಗೆ ಹೋಗುತ್ತಿದ್ದೆ. ಅವರು ಮಾತ್ರ ಹಾಳೆಯಲ್ಲಿ ಫ್ಯಾನಿನ ಸಾಲಿಗೆ ಗೆರೆ ಎಳೆದು, "ಸಾರ್, ನಿಮ್ಮ ಬ್ಯಾಟರೀನ ತಿಂತಾ ಇರೋದು ಇದು" ಎಂದರು. ಫ್ಯಾನುಗಳೆರಡೇ 900 ವ್ಯಾಟ್-ಗಂಟೆ ಕೇಳುತ್ತಿದ್ದವು. ಅವುಗಳ ಬದಲು 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟು ಬಳಸುವ ಬ್ರಶ್ ಇಲ್ಲದ ಮೋಟರಿನ) ಫ್ಯಾನು ಹಾಕಿದರೆ ಅದು 360ಕ್ಕೆ ಇಳಿದು, ಮನೆಯ ಒಟ್ಟು ಬೇಡಿಕೆ 924 ಆಗುತ್ತದೆ. ಅದೇ ನಷ್ಟ, ಅದೇ ಶೇಕಡಾ 60ರ ಮಿತಿ ಸೇರಿಸಿದರೂ 151 ಎಎಚ್‌ಗೆ ಬಂದು ನಿಲ್ಲುತ್ತದೆ, ಅಂದರೆ ಒಂದೇ ಬ್ಯಾಟರಿ ಸಾಕು. ಎರಡು ಫ್ಯಾನಿಗೆ ಸುಮಾರು 6,000 ರೂಪಾಯಿ ಆಯಿತು. ಎರಡನೇ ಬ್ಯಾಟರಿಗೆ ಅದರ ಎರಡರಷ್ಟಕ್ಕೂ ಮಿಗಿಲಾಗುತ್ತಿತ್ತು. ಫ್ಯಾನು ಮಾರದ ಅಂಗಡಿಯವರು ಕೊಟ್ಟ ಸಲಹೆಯಿದು ಎಂಬುದನ್ನು ಗಮನಿಸಬೇಕು.

ನನ್ನ ತಾಯಿಯವರ ಬೇಡಿಕೆ ಮಿಕ್ಸಿಯದಾಗಿತ್ತು. 750 ವ್ಯಾಟಿನ ಮಿಕ್ಸಿ ಐದು ನಿಮಿಷ ಓಡಿದರೆ ತಿನ್ನುವುದು 60 ವ್ಯಾಟ್-ಗಂಟೆಯ ಆಸುಪಾಸು, ಬ್ಯಾಟರಿಗೆ ಅದೇನೂ ಭಾರವಲ್ಲ. ಆದರೆ ಒಮ್ಮೆಲೇ ಅಷ್ಟನ್ನು ಕೊಡುವ ಶಕ್ತಿ ನಮ್ಮ 900 ವಿಎ (ವೋಲ್ಟ್-ಆಂಪಿಯರ್, ಒಮ್ಮೆಲೇ ಹೊರಬಲ್ಲ ಭಾರದ ಅಳತೆ) ಇನ್ವರ್ಟರಿಗಿಲ್ಲ. ಎಷ್ಟು ಹೊತ್ತು ಎಂಬುದಕ್ಕೆ ಬ್ಯಾಟರಿ, ಎಷ್ಟು ಭಾರ ಎಂಬುದಕ್ಕೆ ಇನ್ವರ್ಟರ್ ಉತ್ತರ ಹೇಳಬೇಕು ಎಂಬುದನ್ನು ಇಷ್ಟು ಸರಳವಾಗಿ ನನಗೆ ಬೇರಾರೂ ತಿಳಿಸಿರಲಿಲ್ಲ. ಚಾಲೂ ಆಗುವ ಗಳಿಗೆಯಲ್ಲಿ ಹಲವು ಪಟ್ಟು ಕರೆಂಟು ಎಳೆಯುವ ಫ್ರಿಜ್ಜನ್ನೂ ಇದೇ ಕಾರಣಕ್ಕೆ ಹೊರಗಿಟ್ಟೆವು. ಮಿಕ್ಸಿಯ ವಿಷಯದಲ್ಲಿ ತಾಯಿಯವರ ಅಸಮಾಧಾನ ಇನ್ನೂ ಉಳಿದಿದೆ.

ಇನ್ನು ಕೊರತೆಗಳು. ಬ್ಯಾಟರಿಯನ್ನು ಹೊರಜಗಲಿಯಲ್ಲಿಟ್ಟು ಉದ್ದನೆಯ ತೆಳು ವೈರು ಎಳೆಯಲು ಕೆಲಸದ ಹುಡುಗ ಹೊರಟಿದ್ದ. 230 ವೋಲ್ಟಿನಲ್ಲಿ ಅರ್ಧ ವೋಲ್ಟು ಸೋರಿದರೆ ಲೆಕ್ಕಕ್ಕಿಲ್ಲ, 12 ವೋಲ್ಟಿನಲ್ಲಿ ಅದು ದೊಡ್ಡ ನಷ್ಟ. ನಾನು ತಡೆದ ಮೇಲೆ ಇನ್ವರ್ಟರಿನ ಪಕ್ಕದಲ್ಲೇ ಬ್ಯಾಟರಿ ಇಟ್ಟು ದಪ್ಪ ವೈರು ಹಾಕಿದರು. 60 ತಿಂಗಳ ವಾರಂಟಿಯಲ್ಲಿ ಪುಕ್ಕಟೆ ಬದಲಾವಣೆ ಮೊದಲ 36 ತಿಂಗಳಿಗೆ ಮಾತ್ರ, ಉಳಿದ ಅವಧಿಗೆ ಬೆಲೆಯಲ್ಲಿ ರಿಯಾಯಿತಿಯಷ್ಟೇ ಎಂಬುದು ತಿಳಿದದ್ದು ಕಾರ್ಡು ಓದಿದ ಮೇಲೆ.

ಇದಕ್ಕಿಂತ ಮುಖ್ಯವಾದದ್ದು, ಮತ್ತೆ ಚಾರ್ಜ್ ಆಗಲು ಹಿಡಿಯುವ ಹೊತ್ತನ್ನು ಆ ಹಾಳೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ನಮ್ಮ ಇನ್ವರ್ಟರ್ 15 ಆಂಪಿಯರಿನಲ್ಲಿ ತುಂಬಿಸುತ್ತದೆ. ಆರು ಗಂಟೆ ಬಳಸಿದ ಬ್ಯಾಟರಿ ಪೂರ್ತಿ ತುಂಬಲು ಹತ್ತು ಗಂಟೆಯ ಹತ್ತಿರ ಬೇಕು. ಮೇ ತಿಂಗಳಲ್ಲಿ ಎರಡು ದಿನ ಸತತ ಗಾಳಿಮಳೆಯಾಗಿ, ನಡುವೆ ಕರೆಂಟು ಬಂದು ನಿಂತದ್ದು ನಾಲ್ಕೇ ಗಂಟೆ. ಎರಡನೆಯ ರಾತ್ರಿ ಮೂರೂವರೆ ಗಂಟೆ ಓಡುವಷ್ಟರಲ್ಲೇ ನಮ್ಮ ಶೇಕಡಾ 60ರ ಮಿತಿ ಮುಗಿಯಿತೆಂದು ಲೆಕ್ಕ ಹಾಕಿ ಫ್ಯಾನು ಆರಿಸಿದೆವು. ಮಲೆನಾಡಿನಲ್ಲಿ ಬ್ಯಾಟರಿ ಮಾರುವವರು ಕೇಳಲೇಬೇಕಾದ ಪ್ರಶ್ನೆಯೆಂದರೆ, ಕರೆಂಟು ಎಷ್ಟು ಹೊತ್ತು ಹೋಗುತ್ತದೆ ಎಂಬುದರ ಜೊತೆಗೆ ಬಂದಾಗ ಎಷ್ಟು ಹೊತ್ತು ಇರುತ್ತದೆ ಎಂಬುದು.

ಇದನ್ನು ಫೋನಿನಲ್ಲಿ ಹೇಳಿದಾಗ ಅಂಗಡಿಯವರು ವಾದಿಸಲಿಲ್ಲ. ಡಿಸ್ಟಿಲ್ಡ್ ವಾಟರ್ ಹಾಕಲು ಬಂದ ದಿನ ಅದೇ ಹಾಳೆಯ ಕೆಳಗೆ ಚಾರ್ಜಿಂಗಿನ ಒಂದು ಸಾಲು ಸೇರಿಸಿ, ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದ ಆರೂ ಸೆಲ್ಲುಗಳ ಆ್ಯಸಿಡ್ ಪರೀಕ್ಷಿಸಿ ತೋರಿಸಿ ಹೋದರು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.