ಕೊಡಗಿನ ಮಳೆ, ಕೈಕೊಡುವ ಕರೆಂಟ್, ನೂರಾರು ಜಿಬಿ ಫೈಲ್: ಸಿಂಕ್‌ಥಿಂಗ್ ಮತ್ತು ಉಳಿದವುಗಳ ಬಗ್ಗೆ

ಗೋಣಿಕೊಪ್ಪದಲ್ಲಿ ಮದುವೆ ವಿಡಿಯೋ ತೆಗೆಯುವ ಕೆಲಸ ನಮ್ಮದು. ಎಡಿಟಿಂಗ್ ಆಗುವುದು ಬೆಂಗಳೂರಿನಲ್ಲಿ. ಅಷ್ಟು ದೊಡ್ಡ ಫೈಲ್‌ಗಳನ್ನು ಅಲ್ಲಿಗೆ ಕಳಿಸುವುದು ಹೇಗೆ ಅನ್ನುವುದೇ ಈ ಬರಹ. ಸಿಂಕ್‌ಥಿಂಗ್ ಅಂದರೆ ಅದಕ್ಕೆ ನಾವು ಬಳಸುವ ಸಾಫ್ಟ್‌ವೇರ್. 4ಕೆ ವಿಡಿಯೋವನ್ನು 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ರೆಕಾರ್ಡ್ ಮಾಡಿದರೆ ಗಂಟೆಗೆ 45 ಜಿಬಿ ಆಗುತ್ತದೆ. ಕೊಡವ ಮದುವೆಯಲ್ಲಿ ಗಂಗಾಪೂಜೆ ಒಂದೇ ಗಂಟೆಗಟ್ಟಲೆ ನಡೆಯುತ್ತದೆ. ತಲೆ ಮೇಲೆ ನೀರಿನ ಕೊಡ ಹೊತ್ತ ಮದುಮಗಳು ಒಂದೊಂದೇ ಹೆಜ್ಜೆ ಇಡುತ್ತಾಳೆ, ವಾಲಗಕ್ಕೆ ಕುಣಿಯುವವರು ದಾರಿ ಬಿಡುವುದಿಲ್ಲ. ಕ್ಯಾಮೆರಾ ಆಫ್ ಮಾಡುವ ಹಾಗೂ ಇಲ್ಲ. ಎರಡು ಕ್ಯಾಮೆರಾ ಇದ್ದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ಇನ್ನೊಂದು ತೊಂದರೆ ಇದೆ. ಏಪ್ರಿಲ್, ಮೇ ಮದುವೆ ಸೀಸನ್. ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮದುವೆ ಇಲ್ಲ ಅಂತ ಎಲ್ಲರೂ ಅದಕ್ಕೆ ಮೊದಲೇ ಮುಗಿಸುತ್ತಾರೆ. ಹಾಗಾಗಿ ಫೈಲ್ ಕಳಿಸುವ ಕೆಲಸವೆಲ್ಲ ಬಂದು ಕೂರುವುದು ಸರಿಯಾಗಿ ಜೂನ್, ಜುಲೈ ಮಳೆಯಲ್ಲಿ. ತೋಟದ ಸಿಲ್ವರ್ ಮರ ಲೈನ್ ಮೇಲೆ ಬಿದ್ದರೆ ಕರೆಂಟೂ ಇಲ್ಲ, ಫೈಬರೂ ಇಲ್ಲ. ಲೈನ್‌ಮನ್‌ಗಳು ಆ ಮಳೆಯಲ್ಲೇ ಕಂಬ ಹತ್ತುತ್ತಾರೆ, ಅವರನ್ನು ಬೈದು ಪ್ರಯೋಜನ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ, "ಎಷ್ಟು ಜಿಬಿ ಫ್ರೀ" ಅಂತ ನೋಡಿ ಸರ್ವಿಸ್ ಆರಿಸಿಕೊಳ್ಳುವುದು ನಮ್ಮ ಊರಿಗೆ ಆಗಿಬರುವುದಿಲ್ಲ. ನಾನು ಮೊದಲು ನೋಡುವುದು ಒಂದೇ: ಅರ್ಧಕ್ಕೆ ನಿಂತರೆ ನಿಂತ ಕಡೆಯಿಂದಲೇ ಮುಂದುವರಿಯುತ್ತದಾ, ಮತ್ತೆ ಸೊನ್ನೆಯಿಂದ ಶುರು ಆಗುತ್ತದಾ?

ಸಣ್ಣವುಗಳನ್ನು ಬೇಗ ಮುಗಿಸಿಬಿಡುತ್ತೇನೆ. ಜಿಮೇಲ್‌ನಲ್ಲಿ ಅಟ್ಯಾಚ್‌ಮೆಂಟ್ ಮಿತಿ 25 ಎಂಬಿ, ಅದಕ್ಕಿಂತ ದೊಡ್ಡದು ಡ್ರೈವ್ ಲಿಂಕ್ ಆಗಿ ಹೋಗುತ್ತದೆ. ವಾಟ್ಸಾಪ್‌ನಲ್ಲಿ 2022ರಿಂದ 2 ಜಿಬಿವರೆಗಿನ ಫೈಲ್ ಕಳಿಸಬಹುದು, ಆದರೆ ಡಾಕ್ಯುಮೆಂಟ್ ಅಂತಲೇ ಕಳಿಸಿ. ಗ್ಯಾಲರಿಯಿಂದ ಸುಮ್ನೆ ಹಾಕಿದರೆ ವಿಡಿಯೋದ ಕ್ವಾಲಿಟಿ ಹೋಗುತ್ತದೆ. ಟೆಲಿಗ್ರಾಮ್‌ನಲ್ಲೂ 2 ಜಿಬಿ, ದುಡ್ಡು ಕೊಟ್ಟರೆ 4. ಟ್ರೇಲರ್, ರೀಲ್ಸ್‌ಗೆ ಇಷ್ಟು ಸಾಕು. ಜಿಪ್ ಮಾಡಿದರೆ ಸೈಜ್ ಕಮ್ಮಿ ಆಗುತ್ತದೆ ಅಂತ ಇನ್ನೂ ಕೆಲವರು ನಂಬಿದ್ದಾರೆ. ಎಂಪಿ4, ಜೆಪೆಗ್ ಫೈಲ್‌ಗಳು ಮೊದಲೇ ಕಂಪ್ರೆಸ್ ಆಗಿರುತ್ತವೆ. ಅವನ್ನು ಜಿಪ್ ಮಾಡುವುದು ಹಿಂಡಿದ ನಿಂಬೆಹಣ್ಣನ್ನೇ ಮತ್ತೆ ಹಿಂಡಿದ ಹಾಗೆ.

ಮುಂದೆ ಲಿಂಕ್ ಕೊಡುವ ಸೈಟ್‌ಗಳು, ಅಂದರೆ ಫೈಲ್ ಅಪ್‌ಲೋಡ್ ಮಾಡಿ ಅದರ ಲಿಂಕನ್ನು ಇನ್ನೊಬ್ಬರಿಗೆ ಕಳಿಸುವಂಥವು. ವಿಟ್ರಾನ್ಸ್‌ಫರ್ ಬಳಸುವುದು ತುಂಬಾ ಸುಲಭ, ಆದರೆ ಫ್ರೀ ಮಿತಿ ಈಗ 3 ಜಿಬಿ, ಲಿಂಕ್ ಇರುವುದು 3 ದಿನ. 2020ರ ಮೇ ತಿಂಗಳಲ್ಲಿ ಅದು ಭಾರತದಲ್ಲಿ ಬ್ಲಾಕ್ ಆಗಿದ್ದು ಈ ಫೀಲ್ಡಿನವರಿಗೆ ನೆನಪಿರಬಹುದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇಂಥದ್ದೇ ಇನ್ನೊಂದು ಸರ್ವಿಸ್ ಫೈರ್‌ಫಾಕ್ಸ್ ಸೆಂಡ್ ಪೂರ್ತಿ ನಿಂತೇ ಹೋಯಿತು. ಫ್ರೀ ಸರ್ವಿಸ್ ಒಂದನ್ನೇ ನಂಬಿ ಕೂರಬಾರದು ಅನ್ನುವುದು ಅದಕ್ಕೇ. ಈಗ ಈ ಗುಂಪಿನಲ್ಲಿ ನನ್ನ ಮೆಚ್ಚಿನದು ಸ್ವಿಸ್‌ಟ್ರಾನ್ಸ್‌ಫರ್. ಅಕೌಂಟ್ ಬೇಡ, 50 ಜಿಬಿವರೆಗೆ ಹೋಗುತ್ತದೆ, 30 ದಿನ ಇಟ್ಟುಕೊಳ್ಳಬಹುದು, ಪಾಸ್‌ವರ್ಡೂ ಹಾಕಬಹುದು. ಕರೆಂಟ್ ಇರುವ ಡಿಸೆಂಬರ್ ತಿಂಗಳಿಗೆ ಬೆಸ್ಟ್. ಆದರೆ ಇಂಥ ಸೈಟ್‌ಗಳೆಲ್ಲ ಬ್ರೌಸರ್ ನಂಬಿಕೊಂಡಿರುತ್ತವೆ. ಅಪ್‌ಲೋಡ್ ಮಧ್ಯದಲ್ಲಿ ಕಂಪ್ಯೂಟರ್ ಆಫ್ ಆದರೆ ಅಲ್ಲಿಗೆ ಮುಗಿಯಿತು. ಹೆಸರು ಬೇಡ, ಒಂದು ಸೈಟಿನಲ್ಲಿ ರಾತ್ರಿಯೆಲ್ಲ ಓಡಿದ ಅಪ್‌ಲೋಡ್ ಬೆಳಗಿನ ಜಾವ ಕರೆಂಟ್ ಹೋಗಿ ಪೂರ್ತಿ ವೇಸ್ಟ್ ಆಯಿತು.

ಗೂಗಲ್ ಡ್ರೈವ್ ವಿಷಯ ಬೇರೆ. ಬ್ರೌಸರ್ ಬಿಟ್ಟು ಅವರ ಡೆಸ್ಕ್‌ಟಾಪ್ ಆ್ಯಪ್ ಹಾಕಿಕೊಂಡರೆ ಮಳೆಗಾಲದಲ್ಲೂ ತಕ್ಕಮಟ್ಟಿಗೆ ನಡೆಯುತ್ತದೆ. ಕಂಪ್ಯೂಟರ್ ಆನ್ ಆದ ಕೂಡಲೇ ತಾನಾಗಿಯೇ ಕೆಲಸ ಮುಂದುವರಿಸುತ್ತದೆ. ಫ್ರೀ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್, ಫೋಟೋಸ್ ಎಲ್ಲ ಸೇರಿಕೊಂಡಿದೆ. ಜಾಗ ಖರ್ಚಾಗುವುದು ಕಳಿಸಿದವರದ್ದು, ನೋಡುವವರದ್ದಲ್ಲ. ಡಿಲೀಟ್ ಮಾಡಿದ ಫೈಲ್ ಕೂಡ 30 ದಿನ ಟ್ರ್ಯಾಶ್‌ನಲ್ಲಿ ಜಾಗ ಹಿಡಿದಿರುತ್ತದೆ, ಅದನ್ನೂ ಖಾಲಿ ಮಾಡಿ. ಮುಗಿದ ಸಿನಿಮಾವನ್ನು ಮನೆಯವರಿಗೆ ಕೊಡಲು, ಅದರಲ್ಲೂ ದುಬೈ, ಕೆನಡಾದಲ್ಲಿರುವ ನೆಂಟರಿಗೆ, ಡ್ರೈವ್ ಲಿಂಕೇ ಸರಿ. ಮನೆಯ ಹಿರಿಯರಿಗೆ ಮಾತ್ರ ಪೆನ್‌ಡ್ರೈವ್ ಬೇಕು, ಟಿವಿಗೆ ಚುಚ್ಚಿದರೆ ಓಡಬೇಕು. ಹಳೇ ಟಿವಿ ಆದರೆ ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟ್‌ನಲ್ಲಿ ಇರಬೇಕಾಗುತ್ತದೆ. ಅದರಲ್ಲಿ 4 ಜಿಬಿ ಮೀರಿದ ಫೈಲ್ ಕೂರುವುದಿಲ್ಲ, ಸಿನಿಮಾವನ್ನು ಎರಡು ಭಾಗ ಮಾಡಿ ಕೊಡಿ.

ಈಗ ಸಿಂಕ್‌ಥಿಂಗ್. ಹಲವು ಸೀಸನ್‌ಗಳಿಂದ ನಮ್ಮ ರಾ ಫೂಟೇಜ್ (ಎಡಿಟ್ ಆಗದ ಮೂಲ ವಿಡಿಯೋ) ಹೋಗುತ್ತಿರುವುದು ಇದರಲ್ಲೇ. ಇದು ಓಪನ್ ಸೋರ್ಸ್, ದುಡ್ಡಿಲ್ಲ, ಸೈಜ್ ಮಿತಿಯೂ ಇಲ್ಲ. ಮಧ್ಯದಲ್ಲಿ ಯಾರ ಸರ್ವರ್‌ನಲ್ಲೂ ಫೈಲ್ ಇಡುವುದಿಲ್ಲ. ನನ್ನ ಕಂಪ್ಯೂಟರ್‌ನಲ್ಲಿ ಒಂದು ಫೋಲ್ಡರ್, ಎಡಿಟರ್ ಕಂಪ್ಯೂಟರ್‌ನಲ್ಲಿ ಒಂದು ಫೋಲ್ಡರ್, ಎರಡೂ ಒಂದೇ ಆಗುವವರೆಗೆ ಅದು ಬಿಡುವುದಿಲ್ಲ. ಫೈಲನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸುತ್ತದೆ, ಪ್ರತಿ ತುಂಡೂ ಸರಿಯಾಗಿ ಬಂತಾ ಅಂತ ಆ ಕಡೆ ನೋಡಿಕೊಳ್ಳುತ್ತದೆ. ಕರೆಂಟ್ ಹೋಗಿ ಬಂದರೆ ಬಾಕಿ ತುಂಡುಗಳು ಮಾತ್ರ ಹೋಗುತ್ತವೆ. ನಮಗೆ ಬೇಕಾಗಿದ್ದೂ ಇದೇ ಅಲ್ವಾ?

ಶುರುವಿನಲ್ಲಿ ಸ್ವಲ್ಪ ತಲೆಬಿಸಿ. ಎರಡೂ ಕಡೆಯ ಉದ್ದನೆಯ ಡಿವೈಸ್ ಐಡಿಯನ್ನು ಪರಸ್ಪರ ಸೇರಿಸಬೇಕು. ನನ್ನ ಕಡೆ ಫೋಲ್ಡರನ್ನು "ಸೆಂಡ್ ಓನ್ಲಿ" ಮಾಡಿದ್ದೇನೆ, ಅವರ ಕಡೆ "ರಿಸೀವ್ ಓನ್ಲಿ". ನೆನಪಿಡಿ, ಇದು ಬ್ಯಾಕಪ್ ಅಲ್ಲ. ಇಲ್ಲಿ ಡಿಲೀಟ್ ಮಾಡಿದರೆ ಅಲ್ಲೂ ಹೋಗುತ್ತದೆ. ಆ ಕಡೆ ಫೈಲ್ ವರ್ಷನಿಂಗ್ ಆನ್ ಮಾಡಿಸಿಕೊಳ್ಳಿ, ಅಳಿಸಿದ್ದು ಸ್ವಲ್ಪ ದಿನ ಪಕ್ಕದಲ್ಲಿ ಉಳಿದಿರುತ್ತದೆ.

ನಮ್ಮ ಊರಿನವರು ಮರೆಯದೆ ಬದಲಾಯಿಸಬೇಕಾದ ಸೆಟ್ಟಿಂಗ್ ಒಂದಿದೆ. ಅರ್ಧ ಬಂದ ಫೈಲನ್ನು ಸಿಂಕ್‌ಥಿಂಗ್ ಒಂದು ಟೆಂಪರರಿ ಫೈಲ್ ಆಗಿ ಇಟ್ಟುಕೊಂಡಿರುತ್ತದೆ. ಹಾಗೆ ಇಟ್ಟುಕೊಳ್ಳುವುದು 24 ಗಂಟೆ ಮಾತ್ರ, ಆಮೇಲೆ ಅಳಿಸಿಬಿಡುತ್ತದೆ. ಬೆಂಗಳೂರಿನವರಿಗೆ 24 ಗಂಟೆ ಧಾರಾಳ. ಜುಲೈನಲ್ಲಿ ಮೂರ್ನಾಲ್ಕು ದಿನ ಕರೆಂಟ್ ಇಲ್ಲದ ನಮಗೆ ಅದು ಏನೇನೂ ಸಾಲದು. ಪೂರ್ತಿ ಬಂದ ಫೈಲ್‌ಗಳಿಗೆ ಏನೂ ಆಗುವುದಿಲ್ಲ, ಆದರೆ 40 ಜಿಬಿಯ ಒಂದೇ ಕ್ಲಿಪ್ ಮುಕ್ಕಾಲು ಬಂದು ನಿಂತಿದ್ದರೆ ಹೊಟ್ಟೆ ಉರಿಯುತ್ತದೆ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ "ಕೀಪ್ ಟೆಂಪರರೀಸ್" ಅಂತ ಇರುತ್ತದೆ, ಗಂಟೆಯ ಲೆಕ್ಕದಲ್ಲಿ. ಅದನ್ನು 240 ಮಾಡಿಸಿದ್ದೇನೆ. ಇದನ್ನು ಬದಲಾಯಿಸಬೇಕಾದದ್ದು ಫೈಲ್ ತೆಗೆದುಕೊಳ್ಳುವವರ ಕಂಪ್ಯೂಟರ್‌ನಲ್ಲಿ, ನಿಮ್ಮದರಲ್ಲಲ್ಲ.

ಕೊರತೆಗಳೂ ಇವೆ. ಎರಡೂ ಕಂಪ್ಯೂಟರ್ ಒಂದೇ ಹೊತ್ತಿಗೆ ಆನ್ ಇರಬೇಕು. "ಅಣ್ಣಾ, 62 ಪರ್ಸೆಂಟಲ್ಲೇ ನಿಂತಿದೆ, ನಿಮ್ಮದು ಆನ್ ಇದ್ಯಾ?" ಅಂತ ಎಡಿಟರ್ ಫೋನ್ ಮಾಡುವುದು ಮಾಮೂಲಿ. ಇಂಟರ್‌ನೆಟ್ ಕಂಪನಿಯವರು ಒಂದೇ ಐಪಿಯನ್ನು (ಇಂಟರ್‌ನೆಟ್ ವಿಳಾಸ) ಹಲವು ಗ್ರಾಹಕರಿಗೆ ಹಂಚಿದ್ದರೆ ನೇರ ಸಂಪರ್ಕ ಕೆಲವೊಮ್ಮೆ ಸಿಗುವುದಿಲ್ಲ. ಆಗ ಫೈಲ್ ರಿಲೇ (ಇಟ್ಟುಕೊಳ್ಳದೆ ದಾಟಿಸುವ ಮಧ್ಯದ ಸರ್ವರ್) ಮೂಲಕ ಸುತ್ತಿ ಬಳಸಿ ಹೋಗುತ್ತದೆ. ರಿಲೇಯವರಿಗೆ ಒಳಗಿರುವುದು ಕಾಣಿಸುವುದಿಲ್ಲ, ಆದರೆ ಸ್ಪೀಡ್ ಬಿದ್ದುಹೋಗುತ್ತದೆ. ಮದುವೆ ಮನೆಯವರಿಗಂತೂ ಇದನ್ನು ಹಾಕಿಕೊಳ್ಳಿ ಅಂತ ಹೇಳಲೇಬೇಡಿ.

ಸಿಂಕ್‌ಥಿಂಗ್ ಆದರೂ ಲೈನ್‌ನ ಸ್ಪೀಡ್ ಮೀರಿ ಕಳಿಸಲಾರದು. 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ 1 ಜಿಬಿಗೆ ಸುಮಾರು 7 ನಿಮಿಷ, 500 ಜಿಬಿಗೆ 55 ಗಂಟೆಗೂ ಜಾಸ್ತಿ. ಅಷ್ಟರೊಳಗೆ ರಾತ್ರಿ ಬಸ್ ಬೆಂಗಳೂರಿಗೆ ಹೋಗಿ, ವಾಪಸ್ ಬಂದು, ಮತ್ತೆ ಹೊರಟಿರುತ್ತದೆ. ಅದಕ್ಕೆ ದೊಡ್ಡ ಮದುವೆಗಳಿಗೆ ನಾವು ಮಾಡುವುದು ಹೀಗೆ: ಪ್ರತಿ ಕ್ಲಿಪ್‌ಗೂ ಅದೇ ಹೆಸರಿನ ಸಣ್ಣ 1080 ಪ್ರಾಕ್ಸಿ ಫೈಲ್ (ಎಡಿಟಿಂಗ್‌ಗೆ ಬಳಸುವ ಕಮ್ಮಿ ಸೈಜಿನ ನಕಲು) ಮಾಡುತ್ತೇವೆ. 8 ಎಂಬಿಪಿಎಸ್ ಇಟ್ಟರೆ ಗಂಟೆಗೆ 3.6 ಜಿಬಿ ಅಷ್ಟೇ. ಪ್ರಾಕ್ಸಿಗಳು ಸಿಂಕ್‌ಥಿಂಗ್‌ನಲ್ಲಿ ಹೋಗುತ್ತವೆ, ಎಡಿಟರ್ ಮರುದಿನವೇ ಕೆಲಸ ಶುರು ಮಾಡುತ್ತಾರೆ. ಒರಿಜಿನಲ್ ವಿಡಿಯೋ ಇರುವ ಎಸ್‌ಎಸ್‌ಡಿ (ಸ್ಟೋರೇಜ್ ಡ್ರೈವ್) ಪಾರ್ಸೆಲ್‌ನಲ್ಲಿ ಹೋಗುತ್ತದೆ, ಒಂದು ಕಾಪಿ ಇಲ್ಲೇ ಉಳಿಯುತ್ತದೆ. ಡಾವಿಂಚಿ ರಿಸಾಲ್ವ್, ಪ್ರೀಮಿಯರ್ ಎಡಿಟಿಂಗ್ ಸಾಫ್ಟ್‌ವೇರ್ ಎರಡರಲ್ಲೂ ಆಮೇಲೆ ಒರಿಜಿನಲ್‌ಗೆ ಲಿಂಕ್ ಮಾಡಿಕೊಳ್ಳಬಹುದು.

ಈ ವ್ಯವಸ್ಥೆಗೆ ನಾವು ಮಾಡಿದ ಖರ್ಚು ರೂಟರ್‌ಗೆ ಹಾಕಿದ 12 ವೋಲ್ಟ್‌ನ ಮಿನಿ ಯುಪಿಎಸ್ ಒಂದೇ. ಐದು ನಿಮಿಷ ಕರೆಂಟ್ ಹೋಗಿ ಬರುವಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ, ರೂಟರ್ ಇದರಲ್ಲಿ, ಅಪ್‌ಲೋಡ್ ನಿಲ್ಲುವುದೇ ಇಲ್ಲ. ಫೈಬರ್‌ಗೆ ಬೇರೆ ಡಬ್ಬಿ ಇದ್ದರೆ ಅದಕ್ಕೂ ಯುಪಿಎಸ್ ಲೈನ್ ಕೊಡಿ. ಎರಡೂ ಕಡೆ ಕಂಪ್ಯೂಟರ್ ಸ್ಲೀಪ್‌ಗೆ ಹೋಗದ ಹಾಗೆ ಸೆಟ್ ಮಾಡಿ, ಇಲ್ಲದಿದ್ದರೆ ಕರೆಂಟ್ ಇದ್ದೂ ಫೈಲ್ ಹೋಗುವುದಿಲ್ಲ.